ಲಿಫ್ಟಿನ ಬೆಲೆ ಕೇಳಿದವರಿಗೆ

ಬೆಂಗಳೂರಿನಲ್ಲಿ ನೆಲೆ ನಿಂತಿರುವ, ಹಾಸನದ ಕಡೆಯ ಮೊಸಳೆ ಊರಿನ ಸುತ್ತಮುತ್ತಲಿನ ನಮ್ಮವರಿಗೆ,

ಹೋದ ವಾರ ನಿಮ್ಮಲ್ಲಿ ಮೂರು ಜನ ಬೇರೆ ಬೇರೆ ದಿನ ಫೋನು ಮಾಡಿ ಒಂದೇ ಪ್ರಶ್ನೆ ಕೇಳಿದಿರಿ: ಐದು ಅಂತಸ್ತಿಗೆ ಲಿಫ್ಟು ಹಾಕಿಸಿದರೆ ಎಷ್ಟಾಗುತ್ತೆ? ಊರಲ್ಲಿ ಸಮುದಾಯ ಭವನ ಕಟ್ಟಬೇಕು, ಅದು ಐದಂತಸ್ತು ಇರಬೇಕು, ಹಾಸನದ ಕಡೆಯಿಂದ ಬರುವವರಿಗೆ ದೂರದಿಂದಲೇ ಕಾಣಬೇಕು ಅಂತ ಮಾತಾಗಿದೆಯಂತೆ. ಮೂವತ್ತು ವರ್ಷಕ್ಕೂ ಮೇಲೆ ಲಿಫ್ಟುಗಳಿಗೆ ಗ್ರೀಸು ಹಚ್ಚಿ ಕೈ ಕಪ್ಪು ಮಾಡಿಕೊಂಡವನು ಊರಿನವನೇ ಇದ್ದಾನೆ, ಅವನನ್ನೇ ಕೇಳೋಣ ಅಂದುಕೊಂಡಿರಿ. ಸಂತೋಷ. ಬೆಲೆ ಹೇಳುತ್ತೇನೆ. ಆದರೆ ಹೇಳುವ ಮುಂಚೆ ನಿಮ್ಮನ್ನು ಎಂ.ಜಿ. ರಸ್ತೆಯ ಒಂದು ಹಳೇ ಕಟ್ಟಡಕ್ಕೆ ಕರೆದುಕೊಂಡು ಹೋಗಬೇಕು. ಫೋನಿನಲ್ಲಿ ಆಗುವ ಮಾತಲ್ಲ, ಅದಕ್ಕೇ ಈ ಪತ್ರ.

ನಾನು ಹೇಳುತ್ತಿರುವುದು ಯುಟಿಲಿಟಿ ಬಿಲ್ಡಿಂಗ್. ಬೋರ್ಡಿನ ಮೇಲೆ ಅದರ ಪೂರಾ ಹೆಸರು ಸುಭಾಷ್ ಚಂದ್ರ ಬೋಸ್ ಪಬ್ಲಿಕ್ ಯುಟಿಲಿಟಿ ಬಿಲ್ಡಿಂಗ್. ಆ ಹೆಸರನ್ನು ಪೂರ್ತಿ ಹೇಳಿದವರನ್ನು ನಾನು ನೋಡಿಲ್ಲ. ಆಟೋದವನಿಗೂ ಯುಟಿಲಿಟಿ, ಪೋಸ್ಟ್‌ಮ್ಯಾನಿಗೂ ಯುಟಿಲಿಟಿ. ನಿಮ್ಮಲ್ಲಿ ಎಷ್ಟೋ ಜನ ಮೆಟ್ರೊದಲ್ಲಿ ದಿನಾ ಅದರ ಮುಂದೆಯೇ ಹೋಗುತ್ತೀರಿ, ತಲೆ ಫೋನಿನೊಳಗೆ ಇರುತ್ತೆ. ತಪ್ಪಲ್ಲ. ಈಗ ಅದು ತಲೆಯೆತ್ತಿ ನೋಡುವಂಥ ಕಟ್ಟಡವಾಗಿ ಉಳಿದಿಲ್ಲ.

ನಮ್ಮ ಕಾಲಕ್ಕೆ ಹಾಗಿರಲಿಲ್ಲ. 1979ರಲ್ಲಿ ಅಪ್ಪನ ಜೊತೆ ಮೊದಲ ಸಲ ಬೆಂಗಳೂರಿಗೆ ಬಂದೆ. ಶ್ರೀರಾಮಪುರದಲ್ಲಿದ್ದ ಮಾವನ ಮನೆಗೆ ಕೊಡಲು ಅಪ್ಪ ಒಂದು ಚೀಲ ಆಲೂಗಡ್ಡೆ ತಂದಿದ್ದರು. ಮೆಜೆಸ್ಟಿಕ್ಕಿಗೆ ಬಂದ ಮಾವ, ಮನೆಗೆ ಆಮೇಲೆ ಹೋದರಾಯಿತು, ಮೊದಲು ಊರು ತೋರಿಸುತ್ತೇನೆ ಅಂತ ಚೀಲದ ಸಮೇತ ಎಂ.ಜಿ. ರೋಡಿಗೆ ಕರೆದುಕೊಂಡು ಹೋದರು. ಅಲ್ಲಿ ನಿಂತು ಎಲ್ಲರೂ ಮಾಡುವುದನ್ನೇ ನಾವೂ ಮಾಡಿದೆವು: ಕುತ್ತಿಗೆ ಎತ್ತಿ ಅಂತಸ್ತು ಎಣಿಸಿದೆವು. ನನ್ನ ಲೆಕ್ಕಕ್ಕೆ 23 ಬಂತು, ಮಾವನದು 26. ಅಪ್ಪ ಬೆರಳಿನ ಗೆಣ್ಣು ಹಿಡಿದು ನಿಧಾನಕ್ಕೆ ಎಣಿಸುತ್ತಾ ಇದ್ದವರು ನಡುವೆ ಯಾವುದೋ ಬಸ್ಸು ಹಾರನ್ ಹೊಡೆದು ಲೆಕ್ಕ ತಪ್ಪಿ, ಬಿಟ್ಟುಬಿಟ್ಟರು. ಸರಿಯಾದ ಲೆಕ್ಕ 25.

ಅಪ್ಪ ಕೇಳಿದ್ದು ಬೇರೆ ಪ್ರಶ್ನೆ. "ಇದು ಯಾರ್ದು?"

"ಕಾರ್ಪೊರೇಷನ್ದು," ಅಂದರು ಮಾವ.

"ಹಂಗಂದ್ರೆ?"

"ಹಂಗಂದ್ರೆ ಊರೋರ್ದು. ಎಲ್ಲಾರ್ದೂ."

"ಎಲ್ಲಾರ್ದೂ ಅಂದ್ಮೇಲೆ ಒಳಕ್ಕೆ ಹೋಗಾನ ನಡಿ," ಅಂದವರೇ ಅಪ್ಪ ಚೀಲ ಎತ್ತಿಕೊಂಡು ನಡೆದೇಬಿಟ್ಟರು. ಮಾವನ ಮುಖದಲ್ಲಿ ಬೆವರು. ಯಾರೂ ತಡೆಯಲಿಲ್ಲ. ಲಿಫ್ಟಿನೊಳಗೆ ಒಂದು ಸ್ಟೂಲು, ಅದರ ಮೇಲೆ ಖಾಕಿ ಷರ್ಟಿನ ಲಿಫ್ಟ್‌ಮ್ಯಾನು. ಚೀಲ ನೋಡಿ ಅವನು ನಕ್ಕ, ಒಳಗೆ ಬಿಟ್ಟುಕೊಂಡ.

ಮೇಲೆ ಹೋದಮೇಲೆ ಮೆಟ್ಟಿಲ ಪಕ್ಕದ ಕಿಟಕಿಯಲ್ಲಿ ಹಲಸೂರು ಕೆರೆ ಕಂಡಿತು, ಪೆರೇಡ್ ಮೈದಾನ ಕಂಡಿತು. ಕಬ್ಬನ್ ಪಾರ್ಕಿನ ಹಸಿರಿನ ಆಚೆ ವಿಧಾನಸೌಧದ ಗುಮ್ಮಟ ಬೆಲ್ಲದ ಅಚ್ಚಿನಷ್ಟೇ ಇತ್ತು. ಅಪ್ಪನಿಗೆ ಅದು ಯಾವುದೂ ಬೇಕಿರಲಿಲ್ಲ. ಅವರು ಕೈಯಲ್ಲಿದ್ದ ಚೀಲವನ್ನೇ ನೋಡುತ್ತಿದ್ದರು. "ಲೋ, ಹೊಂಟಾಗ ಈ ಚೀಲ ಭಾರ ಆಯ್ತು ಕಣ್ಲಾ. ಇಲ್ಲಿ ನಿಲ್ಲೋವಾಗ ಹಗುರ ಆಯ್ತು." ಮಾವ ಗೊಳ್ಳಂತ ನಕ್ಕರು. ಎರಡು ವರ್ಷದ ಮೇಲೆ ಲಿಫ್ಟ್ ಕಂಪನಿಯೊಂದರಲ್ಲಿ ಹೆಲ್ಪರ್ ಆಗಿ ಸೇರಿದಾಗ ನನ್ನ ಮೇಸ್ತ್ರಿ ಹೇಳಿಕೊಟ್ಟ ಮೊದಲ ಪಾಠ ಅದೇ: ಲಿಫ್ಟು ಮೇಲಕ್ಕೆ ವೇಗ ಹಿಡಿಯುವಾಗ ತೂಕ ಹೆಚ್ಚುತ್ತೆ, ನಿಲ್ಲಲು ನಿಧಾನ ಆಗುವಾಗ ತೂಕ ಇಳಿಯುತ್ತೆ. ಅಪ್ಪ ಒಂದು ಚೀಲ ಆಲೂಗಡ್ಡೆಯಲ್ಲಿ ಅದನ್ನು ಅಳೆದುಬಿಟ್ಟಿದ್ದರು.

ಈಗ ಆ ಕಟ್ಟಡದ ಕಥೆಗೆ ಬರುತ್ತೇನೆ. ಅದು ಎದ್ದದ್ದು 1973ರಲ್ಲಿ, 25 ಅಂತಸ್ತು, 106 ಮೀಟರ್ ಎತ್ತರ. ಆವತ್ತಿಗೆ ದಕ್ಷಿಣ ಭಾರತದಲ್ಲೇ ಅದಕ್ಕಿಂತ ಎತ್ತರದ ಕಟ್ಟಡ ಇರಲಿಲ್ಲ. ವರ್ಷ ನೆನಪಿಟ್ಟುಕೊಳ್ಳುವುದು ಸುಲಭ. ಅದೇ ವರ್ಷ ನವೆಂಬರ್ 1ಕ್ಕೆ ಮೈಸೂರು ರಾಜ್ಯ ಕರ್ನಾಟಕವಾಯಿತು, ದೇವರಾಜ ಅರಸರು ಮುಖ್ಯಮಂತ್ರಿ. ಅದಕ್ಕೆ ಮುಂಚೆ ಬೆಂಗಳೂರಿನಲ್ಲಿ ಎತ್ತರ ಅಂದರೆ ವಿಧಾನಸೌಧ. ಕೆಂಗಲ್ ಹನುಮಂತಯ್ಯನವರು ಕಟ್ಟಿಸಿ 1956ರಲ್ಲಿ ಮುಗಿದ ಅದು ಗುಮ್ಮಟ ಸೇರಿ ಸುಮಾರು 46 ಮೀಟರು. ಅಂದರೆ ವಿಧಾನಸೌಧದ ಮೇಲೆ ಇನ್ನೊಂದು ವಿಧಾನಸೌಧ ಇಟ್ಟರೂ ಯುಟಿಲಿಟಿಯ ತಾರಸಿ ಸಿಗುವುದಿಲ್ಲ. ಮದರಾಸಿನವರು 1959ರಲ್ಲೇ ಮೌಂಟ್ ರೋಡಿನಲ್ಲಿ 177 ಅಡಿಯ ಎಲ್‌ಐಸಿ ಕಟ್ಟಡ ಎಬ್ಬಿಸಿ ಬೀಗುತ್ತಿದ್ದರು. ನಮ್ಮದು ಅದರ ಎರಡರಷ್ಟಕ್ಕೆ ಸ್ವಲ್ಪವೇ ಕಡಿಮೆ. ಹೊಟ್ಟೆಯುರಿ ಇಲ್ಲದೆ ಊರು ಬೆಳೆಯುವುದಿಲ್ಲ ಅಂತ ನನ್ನ ಅನುಮಾನ.

ಲೋಕದ ಲೆಕ್ಕದಲ್ಲಿ ಇಟ್ಟರೆ ಇದು ಏನೂ ಅಲ್ಲ ಅನ್ನಿ. ಅದೇ 1973ರಲ್ಲಿ ನ್ಯೂಯಾರ್ಕಿನಲ್ಲಿ ವರ್ಲ್ಡ್ ಟ್ರೇಡ್ ಸೆಂಟರಿನ ಜೋಡಿ ಗೋಪುರಗಳ ಉದ್ಘಾಟನೆಯಾಯಿತು. ಷಿಕಾಗೊದಲ್ಲಿ 442 ಮೀಟರಿನ ಸಿಯರ್ಸ್ ಟವರಿನ ತುದಿ ಮುಗಿಯಿತು. ಆದರೆ ಅವು ಎದ್ದದ್ದು ಆಗಲೇ ಎತ್ತರ ಕಟ್ಟಡಗಳು ಕಿಕ್ಕಿರಿದ ಊರುಗಳಲ್ಲಿ. ಯುಟಿಲಿಟಿ ಎದ್ದ ಜಾಗ ನೋಡಿ. ದಂಡಿನ ಸೌತ್ ಪೆರೇಡ್ ರಸ್ತೆ, ಸ್ವಾತಂತ್ರ್ಯ ಬಂದ ಮೇಲೆ 1948ರಲ್ಲಿ ಮಹಾತ್ಮಾ ಗಾಂಧಿ ರಸ್ತೆಯಾದದ್ದು. ಒಂದು ಪಕ್ಕ ಪೂರ್ತಿ ಬಯಲು, ಪೆರೇಡ್ ಮೈದಾನ. ಇನ್ನೊಂದು ಪಕ್ಕ ಹೆಂಚಿನ ಮಾಡಿನ ಅಂಗಡಿಗಳು, ಪುಸ್ತಕದವರು, ಕಾಫಿಯವರು. ಅದೇ ರಸ್ತೆಯಲ್ಲಿ 1936ರ ಪ್ಲಾಜಾ ಟಾಕೀಸು. ಅದರ ನಡುವೆ ಇದು. ನಮ್ಮೂರಿನ ಮಾತಲ್ಲಿ ಹೇಳುವುದಾದರೆ, ಕಡಲೆಕಾಯಿ ಹೊಲದ ನಡುವೆ ಒಂಟಿ ತೆಂಗಿನಮರ.

ಸಿಮೆಂಟಿನ ಮಾತೊಂದು ಹೇಳಲೇಬೇಕು, ಯಾಕೆಂದರೆ ನಿಮಗೆ ಈಗ ಅಂಗಡಿಗೆ ಹೋದರೆ ಎಷ್ಟು ಬೇಕೋ ಅಷ್ಟು ಮೂಟೆ ಸಿಗುತ್ತೆ. ಆ ಕಾಲದಲ್ಲಿ ಸಿಮೆಂಟು ಕಂಟ್ರೋಲು. ಮನೆಗೊಂದು ತಾರಸಿ ಹಾಕಬೇಕಾದರೂ ಪರ್ಮಿಟ್ಟಿಗಾಗಿ ತಾಲ್ಲೂಕು ಕಚೇರಿಯ ಬೆಂಚು ಸವೆಸಬೇಕಿತ್ತು. ಕಟ್ಟುಪಾಡು ಸ್ವಲ್ಪ ಸಡಿಲವಾದದ್ದು 1982ರಲ್ಲಿ, ಪೂರಾ ಹೋದದ್ದು 1989ರಲ್ಲಿ. ಹತ್ತು ಮೂಟೆಗೆ ಕೈಮುಗಿಯುವ ನಾಡಿನಲ್ಲಿ 25 ಅಂತಸ್ತು ಎದ್ದಿತ್ತು ಅನ್ನುವುದು ಗೊತ್ತಿದ್ದರೆ ಆವತ್ತಿನವರ ಬಾಯಿ ಯಾಕೆ ಅಷ್ಟು ದೊಡ್ಡದಾಗಿ ತೆರೆದಿತ್ತು ಅಂತ ಅರ್ಥವಾಗುತ್ತೆ.

ಇನ್ನು ನನ್ನ ಕಸುಬಿನ ಮಾತು. ಕಟ್ಟಡದ ಎತ್ತರ ತೀರ್ಮಾನ ಮಾಡುವುದು ಇಂಜಿನಿಯರು ಅಂತ ನೀವು ತಿಳಿದಿದ್ದೀರಿ. ಅಲ್ಲ, ಹಗ್ಗ. ಅಮೆರಿಕದಲ್ಲಿ ಓಟಿಸ್ ಅನ್ನುವವನು 1850ರ ದಶಕದಲ್ಲಿ ತುಂಬಿದ ಸಭೆಯಲ್ಲಿ ಲಿಫ್ಟಿನ ಮೇಲೆ ನಿಂತು ಹಗ್ಗ ಕಡಿಸಿದ, ಲಿಫ್ಟು ಬೀಳಲಿಲ್ಲ. ಪಕ್ಕದ ಹಳಿಗೆ ಹಲ್ಲು ಕಚ್ಚಿಕೊಂಡು ನಿಂತಿತು. ಅಲ್ಲಿಯವರೆಗೆ ಮೇಲಿನ ಅಂತಸ್ತು ಅಂದರೆ ಬಡವರ ಪಾಲು, ಹತ್ತಿ ಸಾಯುವವರು ಅವರೇ. ಲಿಫ್ಟು ಬಂದ ಮೇಲೆ ಮೇಲಿನ ಅಂತಸ್ತಿಗೇ ಬೆಲೆ. 1885ರಲ್ಲಿ ಷಿಕಾಗೊದಲ್ಲಿ ಹತ್ತಂತಸ್ತಿನ ಹೋಮ್ ಇನ್ಶೂರೆನ್ಸ್ ಕಟ್ಟಡ ಎದ್ದಾಗ ಗಗನಚುಂಬಿ ಅಂದರು. 1931ಕ್ಕೆ ಅದನ್ನು ಒಡೆದೇ ಹಾಕಿದರು. 46 ವರ್ಷದ ಬಾಳು.

ಲಿಫ್ಟನ್ನು ಮೋಟರು ಎಳೆಯುತ್ತೆ ಅಂತ ಎಲ್ಲರೂ ಅಂದುಕೊಳ್ಳುವುದು. ನಿಮ್ಮಜ್ಜನ ತೋಟದಲ್ಲಿ ಏತ ಇತ್ತಲ್ಲ, ಅದರ ಬಾಲಕ್ಕೆ ಕಟ್ಟಿದ್ದ ಗುಂಡು ನೆನಪಿದೆಯೇ? ಅದೇ ಇದು. ಹಗ್ಗದ ಇನ್ನೊಂದು ತುದಿಗೆ ಕಬ್ಬಿಣದ ತೂಕ ನೇತು ಹಾಕಿರುತ್ತೇವೆ: ಖಾಲಿ ಪೆಟ್ಟಿಗೆಯ ತೂಕ, ಜೊತೆಗೆ ಹೊರುವ ಜನರ ಅರ್ಧದಷ್ಟು ತೂಕ. ಅರ್ಧ ತುಂಬಿದ ಲಿಫ್ಟಿಗೆ ಮೋಟರು ಬರೀ ಬೆನ್ನು ತಟ್ಟಿದರೆ ಸಾಕು. ಎತ್ತರ ಹೆಚ್ಚಿದಂತೆ ಹಗ್ಗದ್ದೇ ಭಾರ ಹೆಚ್ಚುತ್ತೆ, ಕಾಯುವ ಹೊತ್ತು ಹೆಚ್ಚುತ್ತೆ, ಲಿಫ್ಟುಗಳ ಸಂಖ್ಯೆ ಹೆಚ್ಚಬೇಕು, ಅವು ಓಡುವ ಬಾವಿಗಳು ಪ್ರತಿ ಅಂತಸ್ತಿನಲ್ಲೂ ಜಾಗ ತಿನ್ನಬೇಕು. ಮೇಲೆ ಹೋದಷ್ಟೂ ಕಟ್ಟಡ ತನ್ನ ಹೊಟ್ಟೆಯನ್ನು ತಾನೇ ತಿನ್ನುತ್ತೆ. ಯುಟಿಲಿಟಿ ಎದ್ದ ಮಾರನೇ ವರ್ಷ, 1974ರಲ್ಲಿ, ನಮ್ಮ ರಾಜ್ಯಕ್ಕೆ ಲಿಫ್ಟ್ ಕಾಯ್ದೆ ಬಂತು. ನನ್ನಂಥವರ ಅನ್ನ ಆ ಕಾಯ್ದೆಯ ಹಾಳೆಯ ಮೇಲೆ ಬಡಿಸಿದ್ದು.

ಹೆಸರಿನ ಮಾತಿಗೆ ಬರೋಣ. ಪಬ್ಲಿಕ್ ಯುಟಿಲಿಟಿ ಅಂದರೆ ಸಾರ್ವಜನಿಕ ಶೌಚಾಲಯ ಅಂತ ಮಾವ ಅಪ್ಪನಿಗೆ ತಮಾಷೆ ಮಾಡಿದ್ದರು. ಆದರೆ ನನಗೆ ಈ ವಯಸ್ಸಿನಲ್ಲಿ ಅದರ ಎತ್ತರಕ್ಕಿಂತ ಹೆಸರೇ ದೊಡ್ಡದಾಗಿ ಕಾಣುತ್ತೆ. ಊರಿನ ಅತಿ ಎತ್ತರದ ಕಟ್ಟಡವನ್ನು ಒಬ್ಬ ಸಾಹುಕಾರನಲ್ಲ, ಕಂಪನಿಯಲ್ಲ, ಕಾರ್ಪೊರೇಷನ್ನಿನವರು ಕಟ್ಟಿದರು. ಕಟ್ಟಿ ಅದಕ್ಕೆ ಜನರ ಉಪಯೋಗ ಅಂತಲೇ ಹೆಸರಿಟ್ಟರು. ಕೆಳಗೆ ಅಂಗಡಿ, ಮೇಲೆ ಕಚೇರಿ, ಒಂದು ಸಿನಿಮಾ ಮಂದಿರ. ಆಲೂಗಡ್ಡೆ ಚೀಲದವನಿಗೂ ಒಳಗೆ ಹೋಗಲು ಅಡ್ಡಿಯಿರಲಿಲ್ಲ. ಈಗ ನೀವು ಕೆಲಸ ಮಾಡುವ ವೈಟ್‌ಫೀಲ್ಡಿನ ಗಾಜಿನ ಗೋಪುರಕ್ಕೆ ನಾನು ನಿಮ್ಮನ್ನು ನೋಡಲು ಬಂದರೆ ಗೇಟಿನಲ್ಲಿ ಫೋಟೊ ತೆಗೆಯುತ್ತಾರೆ, ಓಟಿಪಿ ಕೇಳುತ್ತಾರೆ, ಕತ್ತಿಗೆ ಪಟ್ಟಿ ಹಾಕುತ್ತಾರೆ. ಅವರ ತಪ್ಪಲ್ಲ. ಅದು ಅವರದು. ಇದು ಎಲ್ಲಾರ್ದೂ ಆಗಿತ್ತು.

ಆ ಸಿನಿಮಾ ಮಂದಿರ ಸಿಂಫೊನಿ. ಇಂಗ್ಲಿಷ್ ಚಿತ್ರಗಳ ಮಂದಿರ. ಹೆಲ್ಪರ್ ಆಗಿದ್ದಾಗ ಸಂಬಳದ ಮಾರನೇ ದಿನ ಅಲ್ಲಿ ಹೋಗಿ ಕೂರುತ್ತಿದ್ದೆ. ಮಾತು ಒಂದೂ ತಿಳಿಯುತ್ತಿರಲಿಲ್ಲ, ಎಲ್ಲರೂ ನಕ್ಕ ಮೇಲೆ ನಾನೂ ನಗುತ್ತಿದ್ದೆ, ಒಂದು ಕ್ಷಣ ತಡವಾಗಿ. ಮುಂದೆ ಆ ಮಂದಿರಕ್ಕೆ ಶಂಕರ್‌ನಾಗ್ ಹೆಸರಿಟ್ಟರು. 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಹತ್ತಿರ ಅಪಘಾತದಲ್ಲಿ ಹೋದ ಆ ಮನುಷ್ಯ ಬೆಂಗಳೂರಿಗೆ ಮೆಟ್ರೊ ಬೇಕು ಅಂತ ಕನಸು ಕಂಡಿದ್ದರು ಅನ್ನುವುದು ನಿಮಗೆಲ್ಲ ಗೊತ್ತಿರುವ ಮಾತು. 2011ರ ಅಕ್ಟೋಬರ್ 20ಕ್ಕೆ ಬೈಯಪ್ಪನಹಳ್ಳಿಯಿಂದ ಮೊದಲ ಮೆಟ್ರೊ ಓಡಿ ಬಂದು ನಿಂತದ್ದು ಎಲ್ಲಿ? ಅದೇ ಎಂ.ಜಿ. ರೋಡಿನಲ್ಲಿ. ಪ್ಲಾಜಾ ಟಾಕೀಸನ್ನು ಕೆಡವಿ ನಿಲ್ದಾಣಕ್ಕೆ ಜಾಗ ಮಾಡಿಕೊಂಡರು. ಕಾಗದದ ಹೂವಿನ ಬಳ್ಳಿ ಹಬ್ಬಿದ್ದ ಬುಲೆವಾರ್ಡ್ ಹೋಯಿತು, ಅದರ ನೆರಳೂ ಹೋಯಿತು. ಮೊದಲು ಪೆರೇಡ್ ಮೈದಾನದ ಕಡೆಯಿಂದ ಯುಟಿಲಿಟಿ ಅಡಿಯಿಂದ ಮುಡಿಯವರೆಗೆ ಕಾಣುತ್ತಿತ್ತು. ಈಗ ಅದರ ಸೊಂಟದ ಮುಂದೆ ರೈಲು ಓಡುತ್ತೆ.

ಎತ್ತರದ ಪಟ್ಟ ಅದಕ್ಕೆ ಮೂವತ್ತು ವರ್ಷದಷ್ಟು ಇತ್ತು. ಆಮೇಲೆ ವಿಠ್ಠಲ್ ಮಲ್ಯ ರಸ್ತೆಯಲ್ಲಿ ಯುಬಿ ಸಿಟಿಯ ಗೋಪುರ ಎದ್ದಿತು, ಆಮೇಲೆ ಲೆಕ್ಕವೇ ತಪ್ಪಿತು. 1971ರಲ್ಲಿ ಹದಿನಾರು ಹದಿನೇಳು ಲಕ್ಷ ಜನರಿದ್ದ ಊರು 1981ಕ್ಕೆ 29 ಲಕ್ಷ ಮುಟ್ಟಿತ್ತು, ಆ ಲಕ್ಷಗಳಲ್ಲಿ ನಾನೂ ಒಬ್ಬ. ಈಗ ಎಷ್ಟಿದೆ ಅಂತ ನಿಮಗೆ ಸಿಲ್ಕ್ ಬೋರ್ಡಿನಲ್ಲಿ ದಿನಾ ಗೊತ್ತಾಗುತ್ತೆ. ಕಟ್ಟಡದ ಒಡೆಯನಾದ ಕಾರ್ಪೊರೇಷನ್ನೇ ಹೋದ ವರ್ಷಗಳಲ್ಲಿ ಮಹಾನಗರ ಪಾಲಿಕೆಯಾಗಿ, ಬೃಹತ್ ಆಗಿ, ಕೊನೆಗೆ 2025ರಲ್ಲಿ ಐದು ಪಾಲಾಯಿತು. ಅಣ್ಣತಮ್ಮಂದಿರ ಪಾಲು ಪಟ್ಟಿ ನೋಡಿದವರಿಗೆ ಇದೇನೂ ಹೊಸದಲ್ಲ.

ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, ಎತ್ತರ ಅನ್ನುವುದು ಬೇಗ ಹಳಸುತ್ತೆ, ಅದರ ಖರ್ಚು ಮಾತ್ರ ಹಳಸುವುದಿಲ್ಲ. ದಿನಾ ನೀರು ಮೇಲೇರಿಸಬೇಕು, ಹಗ್ಗ ಬದಲಿಸಬೇಕು, ಬೆಂಕಿ ಬಿದ್ದರೆ ಇಳಿಸಬೇಕು. 2010ರ ಫೆಬ್ರುವರಿ 23ರಂದು ಹಳೇ ಏರ್‌ಪೋರ್ಟ್ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ಬೆಂಕಿ ಬಿದ್ದು 9 ಜನ ತೀರಿಕೊಂಡರು. ಅದು 25 ಅಂತಸ್ತಲ್ಲ, ಬರೀ ಏಳು. ಕೊಂದದ್ದು ಉರಿಗಿಂತ ಹೊಗೆ, ಮತ್ತೆ ಹೊಗೆಗೆ ಹೆದರಿ ಹಾರಿದ್ದು. ಕರ್ನಾಟಕದ ಅಗ್ನಿಶಾಮಕದವರಿಗೆ 90 ಮೀಟರಿನ ಏಣಿಗಾಡಿ ಸಿಕ್ಕಿದ್ದು 2022ರಲ್ಲಿ. 106ರ ಮುಂದೆ 90 ಇಟ್ಟು ನೋಡಿ. ಹಾಸನದಿಂದ ನಮ್ಮೂರಿಗೆ ಬರುವ ಗಾಡಿಯ ಏಣಿ ಎಷ್ಟುದ್ದ ಅಂತ ನಿಮ್ಮ ಐದಂತಸ್ತಿನ ನಕ್ಷೆ ಬರೆದವರು ಕೇಳಿದ್ದಾರೆಯೇ?

ಇನ್ನು ನಮ್ಮೂರು. ನಿಮಗೆ ಎಷ್ಟು ನೆನಪಿದೆಯೋ ಗೊತ್ತಿಲ್ಲ, ಚಿಕ್ಕಂದಿನಲ್ಲಿ ಗುಡಿಯ ಹತ್ತಿರ ಗೋಲಿ ಆಡಿದ್ದು ಬಿಟ್ಟರೆ ನಾನೂ ಅದನ್ನು ಸರಿಯಾಗಿ ನೋಡಿರಲಿಲ್ಲ. ನೋಡಿದ್ದು ನಿವೃತ್ತನಾಗಿ ವಾಪಸು ಬಂದ ಮೇಲೆ, ಕೈಗೆ ಕೆಲಸವಿಲ್ಲದೆ. ನಾಗೇಶ್ವರ, ಚೆನ್ನಕೇಶವ, ಎರಡು ಗುಡಿ. ಹೊಯ್ಸಳರ ವೀರಬಲ್ಲಾಳನ ಕಾಲದವು, 1200ರ ಆಸುಪಾಸು. ಒಂದು ಶಿವನದು, ಇನ್ನೊಂದು ವಿಷ್ಣುವಿನದು, ನಡುವೆ ಕೆಲವೇ ಅಡಿ. ಬಳಪದ ಕಲ್ಲು, ಕಡೆದ ಕಂಬ, ಮೇಲೆ ಶಿಖರ. ಬೇಲೂರಿನ ಹಾಗೆ ಎತ್ತರದ ಜಗತಿಯಿಲ್ಲ, ನೆಲದಿಂದಲೇ ಎದ್ದಿವೆ. ನನ್ನ ಕಣ್ಣು ಕೆಲಸಗಾರನ ಕಣ್ಣು, ಶಿಲ್ಪದ ಹೆಸರು ಗೊತ್ತಾಗುವುದಿಲ್ಲ, ಮಟ್ಟ ಗೊತ್ತಾಗುತ್ತೆ. ಒಂದು ಸಂಜೆ ದೂರ ನಿಂತು ಒಂದು ಕಣ್ಣು ಮುಚ್ಚಿ, ಕೈಚಾಚಿ, ಹೆಬ್ಬೆರಳನ್ನು ಒಂದು ಶಿಖರದ ತುದಿಗೆ ಹಿಡಿದು ಹಾಗೇ ಅಡ್ಡಕ್ಕೆ ಸರಿಸಿದೆ. ಇನ್ನೊಂದರ ತುದಿಗೆ ಹೋಗಿ ಕೂತಿತು. ಪಕ್ಕಪಕ್ಕದಲ್ಲೇ ಎರಡು ಗುಡಿ ಕಟ್ಟುವವನಿಗೆ ಒಂದನ್ನು ನಾಲ್ಕು ಗೇಣು ಎತ್ತರ ಮಾಡು ಅಂತ ಯಾರಾದರೂ ಒತ್ತಾಯ ಮಾಡಿಯೇ ಮಾಡಿರುತ್ತಾರೆ. ನಿಮ್ಮ ಸಭೆಗಳಲ್ಲಿ ಕೂತವನು ನಾನು, ಜನ ಹೇಗೆ ಅಂತ ಗೊತ್ತು. ಆದರೂ ಅವನು ಎರಡನ್ನೂ ಒಂದೇ ಮಟ್ಟಕ್ಕೆ ನಿಲ್ಲಿಸಿದ.

ಆ ಗುಡಿಗಳು ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ. 2010ರ ತಿದ್ದುಪಡಿಯಾದ ಮೇಲೆ ಕಾನೂನು ಸ್ಪಷ್ಟ: ಸ್ಮಾರಕದ ಗಡಿಯಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ಇಲ್ಲ, ಅಲ್ಲಿಂದಾಚೆ ಇನ್ನೂ 200 ಮೀಟರ್ ಅನುಮತಿ ಇಲ್ಲದೆ ಕಟ್ಟುವಂತಿಲ್ಲ. ಹಾಗಾಗಿ ನಿಮ್ಮ ನಕ್ಷೆಗೆ ಹಣ ಕೊಡುವ ಮುಂಚೆ ಒಂದು ಟೇಪು ಕೊಳ್ಳಿ. ಅಳೆಯಲು ನಾನು ಬರುತ್ತೇನೆ, ಇನ್ನೊಂದು ತುದಿ ಹಿಡಿಯಲು ಒಬ್ಬರು ಬನ್ನಿ.

ಕಟ್ಟಬೇಡಿ ಅನ್ನುತ್ತಿಲ್ಲ. ಮಳೆಗಾಲದ ಮದುವೆಗೆ ಶಾಮಿಯಾನ ಸೋರಿ ಅನ್ನದ ಪಾತ್ರೆಗೆ ನೀರು ಬಿದ್ದದ್ದು ಎಲ್ಲರೂ ಕಂಡಿದ್ದೇವೆ, ಭವನ ಬೇಕು. ನೆಲದ ಮೇಲೆ ಒಂದು ದೊಡ್ಡ ಹಜಾರ, ಪಕ್ಕದಲ್ಲಿ ಅಡಿಗೆಮನೆ, ಮೇಲೆ ಬೇಕಿದ್ದರೆ ಒಂದೇ ಅಂತಸ್ತು. ಮುದುಕರು ಹತ್ತಲು ಇಳಿಜಾರು, ಒಂದಡಿ ಏರಲು ಹನ್ನೆರಡು ಅಡಿ ಉದ್ದ ಬಿಡಿ, ಕಡಿಮೆ ಮಾಡಿದರೆ ಗಾಲಿಕುರ್ಚಿ ತಳ್ಳುವವನ ಉಸಿರು ಹೋಗುತ್ತೆ. ಬಾಗಿಲು ಅಗಲವಾಗಿರಲಿ. ತರಕಾರಿ ಚೀಲ ಹೊತ್ತು ಬಂದವನು ನಡುಮಧ್ಯಾಹ್ನ ಒಳಗೆ ಬಂದು ಫ್ಯಾನಿನ ಕೆಳಗೆ ಕೂತರೆ ಯಾರೂ ಯಾಕೆ ಅಂತ ಕೇಳದಿರಲಿ. ಬೀಗದ ಕೈ ಅಧ್ಯಕ್ಷರ ಮನೆಯ ಮೊಳೆಗೆ ನೇತುಬೀಳುವ ಭವನವಾದರೆ ಮಾತ್ರ ನನ್ನ ಚಂದಾ ಕೇಳಬೇಡಿ.

ಇಷ್ಟು ಓದಿಯೂ ಐದಂತಸ್ತೇ ಬೇಕು ಅನ್ನುವವರಿದ್ದರೆ ಒಂದು ಕೆಲಸ ಮಾಡೋಣ. ಮುಂದಿನ ತಿಂಗಳ ಮೊದಲ ಭಾನುವಾರ ಮಗಳ ಮನೆಗೆ ಬೆಂಗಳೂರಿಗೆ ಬರುತ್ತಿದ್ದೇನೆ. ಬೆಳಿಗ್ಗೆ ಹತ್ತಕ್ಕೆ ಎಂ.ಜಿ. ರೋಡ್ ಮೆಟ್ರೊ ಇಳಿದು ಯುಟಿಲಿಟಿಯ ಮುಂದೆ ನಿಂತಿರುತ್ತೇನೆ. ಗುರುತಿಗೆ ಹೆಗಲ ಮೇಲೆ ಹಸಿರು ಟವೆಲು. ನಿಮ್ಮ ತಂದೆ, ದೊಡ್ಡಪ್ಪ, ಮಾವ ಯಾರಾದರೂ ಆ ಕಟ್ಟಡಕ್ಕೆ ಸೆಂಟ್ರಿಂಗು ಕಟ್ಟಿದ್ದರೆ, ಬಾಂಡ್ಲಿ ಹೊತ್ತಿದ್ದರೆ, ಅದರ ಮುಂದೆ ನಿಂತು ಫೋಟೊ ತೆಗೆಸಿಕೊಂಡಿದ್ದರೆ ಆ ಫೋಟೊ ತನ್ನಿ. ಮೊದಲು ಅಂತಸ್ತು ಎಣಿಸೋಣ, ಯಾರ ಲೆಕ್ಕ ಎಷ್ಟು ಬರುತ್ತೋ ನೋಡೋಣ. ಆಮೇಲೆ ಹಿಂದಿನ ಚರ್ಚ್ ಸ್ಟ್ರೀಟಿನಲ್ಲಿ ಕಾಫಿ ಕುಡಿಯುತ್ತಾ ಲಿಫ್ಟಿನ ಬೆಲೆ ಹೇಳುತ್ತೇನೆ. ಕಾಫಿ ದುಡ್ಡು ನಿಮ್ಮದು.

ಇತಿ ನಿಮ್ಮವನು,
ಮೊಸಳೆ ಕಡೆಯ ಹಳೇ ಲಿಫ್ಟ್ ಮೆಕ್ಯಾನಿಕ್